ಐದು ಕಾಲಿನ ವೃಷಭ, ಅರ್ಧ ಮುಖದ ಕಮಾನು: ಮೆಸೊಪೊಟೇಮಿಯದ ಹಳೆಯ ಚಿತ್ರಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಸರಬರಾಜು ಕಚೇರಿಯ ಗುಮಾಸ್ತರಾಗಿ ಬಸ್ರಾ ಮತ್ತು ಬಾಗ್ದಾದಿನಲ್ಲಿದ್ದರು. ಅವರು ತಂದ ಆಲ್ಬಮ್ ಈಗ ಧಾರವಾಡದ ನಮ್ಮ ಮನೆಯಲ್ಲಿದೆ. ಅದರ 23 ಚಿತ್ರಗಳಲ್ಲಿ ಹೆಚ್ಚಿನವು ಪಾಳುಬಿದ್ದ ಕಟ್ಟಡಗಳದ್ದು, ಕೆತ್ತನೆಗಳದ್ದು. ಮನುಷ್ಯನ ತಲೆಯಿರುವ ರೆಕ್ಕೆಯ ವೃಷಭವೊಂದಕ್ಕೆ ಐದು ಕಾಲುಗಳು ಕಾಣುತ್ತವೆ. ಎರಡು ಚಿತ್ರ ಸೇರಿಸಿದ್ದಾರೆ ಎಂದು ನನ್ನ ತಮ್ಮ ಹೇಳುತ್ತಾನೆ. ಇನ್ನೊಂದು ಫಲಕದ ಆಕೃತಿಗಳು ಒಮ್ಮೆ ಉಬ್ಬಿದಂತೆ, ಒಮ್ಮೆ ಒಳಗೆ ತಗ್ಗಿದಂತೆ ಕಾಣುತ್ತವೆ. ದೊಡ್ಡ ಕಮಾನಿನ ಚಿತ್ರದಲ್ಲಿ ಕಟ್ಟಡಕ್ಕೆ ಒಂದೇ ಪಾರ್ಶ್ವವಿದೆ, ಆದರೆ ನಾನು ನೋಡಿದ ಒಂದು ಮುದ್ರಿತ ಚಿತ್ರದಲ್ಲಿ ಎರಡೂ ಇದ್ದವು. ಪೋಸ್ಟ್ ಕಾರ್ಡಿನಂತಿರುವ ಒಂದು ಚಿತ್ರದ ಕೆಳಗೆ ‘ನಿನೆವೆ, 1849, ಲೇಯಾರ್ಡ್’ ಎಂದು ಪೆನ್ಸಿಲಿನಲ್ಲಿ ಬರೆದಿದ್ದು, ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅದೊಂದನ್ನು ಮಾತ್ರ ಒಳ್ಳೆಯ ಬೆಲೆಗೆ ಕೇಳುತ್ತಿದ್ದಾರೆ. ಇವನ್ನು ಎಷ್ಟು ನಂಬಬಹುದು? ಸ್ಟುಡಿಯೋದಲ್ಲಿ ಕೊಟ್ಟು ಕಂಪ್ಯೂಟರಿನಲ್ಲಿ ಸ್ಪಷ್ಟಗೊಳಿಸಬಹುದೆ?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಚಿತ್ರ ಅಸಲಿಯೇ ಎಂಬುದು ಒಂದು. ಚಿತ್ರದಲ್ಲಿ ಕಾಣುವುದು ಕಲ್ಲಿನಲ್ಲಿ ಹಾಗೆಯೇ ಇತ್ತೇ ಎಂಬುದು ಇನ್ನೊಂದು. ಹಳೆಯ ಛಾಯಾಚಿತ್ರಗಳ ಸಂರಕ್ಷಣೆಯ ನನ್ನ ಕೆಲಸದಲ್ಲಿ ನಕಲಿ ಚಿತ್ರಗಳಿಂದ ಮೋಸಹೋದವರಿಗಿಂತ ಅಸಲಿ ಚಿತ್ರವನ್ನು ತಪ್ಪಾಗಿ ಓದಿ ಮೋಸಹೋದವರನ್ನೇ ಹೆಚ್ಚು ಕಂಡಿದ್ದೇನೆ, ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಐದು ಕಾಲಿನ ವಿಷಯ ಸುಲಭದ್ದು. ನಿಮ್ಮ ತಮ್ಮನವರ ಅನುಮಾನ ಸಹಜವಾದರೂ ತಪ್ಪು ಇರುವುದು ಕ್ಯಾಮೆರಾದಲ್ಲಿ ಅಲ್ಲ. ಇಂದಿನ ಉತ್ತರ ಇರಾಕಿನಲ್ಲಿದ್ದ ಪ್ರಾಚೀನ ಅಸ್ಸೀರಿಯ ರಾಜ್ಯದ ಅರಮನೆಗಳ ಬಾಗಿಲನ್ನು ಕಾಯುತ್ತಿದ್ದ ಈ ವೃಷಭಗಳನ್ನು ಶಿಲ್ಪಿಗಳು ಎರಡು ನೋಟಗಳಿಗಾಗಿ ಕಡೆದರು. ಎದುರಿನಿಂದ ಬರುವವನಿಗೆ ಅದು ಎರಡು ಮುಂಗಾಲುಗಳನ್ನು ಜೋಡಿಸಿ ಸ್ಥಿರವಾಗಿ ನಿಂತಂತೆ ಕಾಣಬೇಕು, ಬಾಗಿಲನ್ನು ದಾಟುತ್ತ ಪಕ್ಕದಿಂದ ನೋಡುವವನಿಗೆ ನಾಲ್ಕು ಕಾಲುಗಳಲ್ಲಿ ಹೆಜ್ಜೆ ಹಾಕುತ್ತಿರುವಂತೆ ಕಾಣಬೇಕು. ಎರಡೂ ನೋಟಗಳು ಸಂಧಿಸುವ ಮೂಲೆಗೆ ನಿಂತು ಚಿತ್ರ ತೆಗೆದರೆ ಐದು ಕಾಲುಗಳು ಬರುವುದು ಅನಿವಾರ್ಯ. ನಿಮ್ರೂದ್ ಎಂದು ಕರೆಯುವ ನೆಲೆಯಲ್ಲಿ ಎರಡನೆಯ ಅಶುರ್ನಾಸಿರ್‌ಪಾಲನ ಅರಮನೆಯಲ್ಲೂ (ಕ್ರಿ.ಪೂ. 9ನೇ ಶತಮಾನ), ಖೋರ್ಸಾಬಾದಿನಲ್ಲಿ ಎರಡನೆಯ ಸಾರ್ಗೋನನ ಅರಮನೆಯಲ್ಲೂ (ಕ್ರಿ.ಪೂ. 8ನೇ ಶತಮಾನ) ಇಂಥವು ಸಿಕ್ಕಿವೆ. ಹಾಗಾಗಿ ಐದನೆಯ ಕಾಲು ಶಿಲ್ಪಿಯದೇ.

ಈಗ ವ್ಯಾಪಾರಿ ಕೇಳುತ್ತಿರುವ ಚಿತ್ರಕ್ಕೆ ಬರೋಣ. ಆಸ್ಟಿನ್ ಹೆನ್ರಿ ಲೇಯಾರ್ಡ್ 1845ರಲ್ಲಿ ನಿಮ್ರೂದಿನಲ್ಲಿ ಅಗೆತ ಆರಂಭಿಸಿದ್ದೂ, ನಂತರ ನಿನೆವೆಯ ಕುಯುಂಜಿಕ್ ದಿಬ್ಬದಲ್ಲಿ ಕೆಲಸ ಮಾಡಿದ್ದೂ ನಿಜ. ಆದರೆ 1849ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಹೆಸರಾದ ಅವನ ಫಲಕಗಳು ಕೈಯಿಂದ ಬರೆದ ರೇಖಾಚಿತ್ರಗಳು. ಅವನ್ನು ಮುದ್ರಣಕ್ಕಾಗಿ ಕೊರೆಗಾರರು ಮತ್ತೊಮ್ಮೆ ಬರೆದರು. ಖೋರ್ಸಾಬಾದಿನಲ್ಲೂ ಇದೇ ಕ್ರಮವಿತ್ತು. 1843ರಲ್ಲಿ ಅಲ್ಲಿ ಅಗೆಯತೊಡಗಿದ ಪಾಲ್ ಎಮಿಲ್ ಬೋಟಾನ ನೆರವಿಗೆ ಮರುವರ್ಷ ಫ್ರಾನ್ಸಿನಿಂದ ಬಂದದ್ದು ಚಿತ್ರಕಾರ ಯೂಜೀನ್ ಫ್ಲಾಂಡ್ಯಾಂ. ಆತುರಕ್ಕೂ ಕಾರಣವಿತ್ತು. ಆ ಫಲಕಗಳ ಕಲ್ಲು ಮೋಸುಲ್ ಪ್ರದೇಶದ ಜಿಪ್ಸಮ್, ಉಗುರಿನಿಂದಲೂ ಗೀರಬಹುದಾದಷ್ಟು ಮೃದು. ಅರಮನೆ ಬೆಂಕಿಗೆ ಸಿಕ್ಕಿದ್ದ ಕಡೆ ಅದು ಸುಟ್ಟ ಸುಣ್ಣದಂತಾಗಿ, ಮಣ್ಣು ಸರಿಸಿ ಗಾಳಿಗೆ ಒಡ್ಡಿದ ಸ್ವಲ್ಪ ಕಾಲದಲ್ಲೇ ಪುಡಿಯಾಗುತ್ತಿತ್ತು, ಆದ್ದರಿಂದ ಕಂಡದ್ದನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕಿತ್ತು.

ಛಾಯಾಚಿತ್ರಣ 1839ರಲ್ಲೇ ಜಗತ್ತಿಗೆ ತಿಳಿದಿದ್ದರೂ ಕ್ಯಾಮೆರಾ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ಕುಯುಂಜಿಕ್‌ನಲ್ಲಿ ಲೇಯಾರ್ಡ್ ಮೇಲಿನ ಮಣ್ಣನ್ನೆಲ್ಲ ತೆಗೆಯದೆ, ಗೋಡೆಗಳ ಗುಂಟ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಬೆಳಕಿಂಡಿ ಬಿಟ್ಟು ಮುಂದುವರಿದ. ಆ ಕತ್ತಲೆಯಲ್ಲಿ ಬೆಳಕಿಗೆ ಸ್ಪಂದಿಸುವ ಅಂದಿನ ಯಾವ ಲೇಪಕ್ಕೂ ಚಿತ್ರ ಮೂಡಿಸುವ ಶಕ್ತಿಯಿರಲಿಲ್ಲ. ಬಯಲಿನಲ್ಲಾದರೂ ಕಷ್ಟವೇ ಇತ್ತು. 1851ರಲ್ಲಿ ಬಂದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೆ ಲೇಪ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು, ಪಕ್ಕದ ಕತ್ತಲೆ ಡೇರೆಯಲ್ಲಿ ತೊಳೆದುಬಿಡಬೇಕು. ಮೋಸುಲಿನ ಬೇಸಗೆಯ ಬಿಸಿಗಾಳಿಯಲ್ಲಿ ಆ ಕೆಲವು ನಿಮಿಷಗಳೂ ಸಿಗುವುದಿಲ್ಲ, ಸಿಕ್ಕರೂ ಒದ್ದೆ ಲೇಪಕ್ಕೆ ಧೂಳು ಅಂಟದೆ ಬಿಡುವುದಿಲ್ಲ. ಕಾಗದದ ನೆಗೆಟಿವ್ ಇದಕ್ಕಿಂತ ಸಹನೆಯದು, ಅದರಲ್ಲೂ ಮೇಣ ಹಚ್ಚಿದ ಕಾಗದವನ್ನು ದಿನಗಳ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಿತ್ತು. ನಮ್ಮ ಹಂಪೆಯನ್ನು 1856ರ ಸುಮಾರಿಗೆ ಅಲೆಗ್ಸಾಂಡರ್ ಗ್ರೀನ್‌ಲಾ ಸೆರೆಹಿಡಿದದ್ದೂ, ಬೇಲೂರು ಹಳೇಬೀಡುಗಳನ್ನು 1854ರಲ್ಲಿ ಲಿನೇಯಸ್ ಟ್ರೈಪ್ ಸೆರೆಹಿಡಿದದ್ದೂ ಕಾಗದದ ನೆಗೆಟಿವ್‌ಗಳಲ್ಲೇ.

ಅದೇ ವರ್ಷಗಳಲ್ಲಿ ಖೋರ್ಸಾಬಾದಿನಲ್ಲಿ ಕ್ಯಾಮೆರಾ ಹಿಡಿದವನು ಗೇಬ್ರಿಯೆಲ್ ಟ್ರಾಂಶಾ ಎಂಬ ಎಂಜಿನಿಯರ್. 1852ರಿಂದ ಅಲ್ಲಿ ಅಗೆತ ನಡೆಸಿದ ಮೋಸುಲಿನ ಫ್ರೆಂಚ್ ಕಾನ್ಸಲ್ ವಿಕ್ಟರ್ ಪ್ಲಾಸ್‌ನ ಜೊತೆಗಾರ ಅವನು. ಉತ್ಖನನವೊಂದನ್ನು ನಡೆಯುತ್ತಿರುವಾಗಲೇ ಛಾಯಾಚಿತ್ರಗಳಲ್ಲಿ ದಾಖಲಿಸಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಮುಂದೆ ನಡೆದದ್ದನ್ನು ನೆನೆದರೆ ಆ ಕಾಗದದ ಹಾಳೆಗಳ ತೂಕ ತಿಳಿಯುತ್ತದೆ: 1855ರ ಮೇ ತಿಂಗಳಲ್ಲಿ ಪ್ಲಾಸ್ ಟೈಗ್ರಿಸ್ ನದಿಯಲ್ಲಿ ತೆಪ್ಪಗಳ ಮೇಲೆ ಕಳಿಸಿದ ಶಿಲ್ಪಗಳು ಕುರ್ನಾದ ಬಳಿ ದರೋಡೆಕೋರರ ದಾಳಿಗೆ ಸಿಕ್ಕಿ, 200ಕ್ಕೂ ಹೆಚ್ಚು ಪೆಟ್ಟಿಗೆಗಳು ನೀರುಪಾಲಾದವು. ಹಾಗೆ ಹೋದ ಎಷ್ಟೋ ವಸ್ತುಗಳ ಬಗ್ಗೆ ನಮಗೆ ಉಳಿದಿರುವುದು ಅಲ್ಲಿನ ರೇಖಾಚಿತ್ರಗಳೂ ಛಾಯಾಚಿತ್ರಗಳೂ ಮಾತ್ರ.

ಈ ಹಿನ್ನೆಲೆಯಲ್ಲಿ ನಿಮ್ಮ ‘1849’ ನಿಲ್ಲುವುದಿಲ್ಲ. ಪೋಸ್ಟ್ ಕಾರ್ಡಿನ ಹಿಂಬದಿಯನ್ನು ಗೆರೆ ಎಳೆದು ಒಂದು ಕಡೆ ಪತ್ರಕ್ಕೆ, ಇನ್ನೊಂದು ಕಡೆ ವಿಳಾಸಕ್ಕೆ ಹಂಚಿದ್ದರೆ ಅದು 20ನೇ ಶತಮಾನದ ಕಾರ್ಡು. ಮುಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಾಲುಸಾಲಾದ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಅಚ್ಚಾದ ಚಿತ್ರ. ಚುಕ್ಕಿಗಳಿಲ್ಲದೆ, ಕಲ್ಲಿನ ನೆರಳೆಲ್ಲ ಕೊರೆದ ಗೆರೆಗಳಿಂದಲೇ ಆಗಿದ್ದರೆ ರೇಖಾಚಿತ್ರವೊಂದನ್ನು ಕ್ಯಾಮೆರಾದಿಂದ ನಕಲು ಮಾಡಿದ್ದು. ಲೇಯಾರ್ಡ್‌ನ ಹೆಸರು ಸುಳ್ಳೇ ಆಗಬೇಕಾಗಿಲ್ಲ, ಅವನ ಪುಸ್ತಕದ ಫಲಕದಿಂದ ತೆಗೆದ ಕಾರ್ಡಿಗೆ ಯಾರೋ ನೆನಪಿಗೆಂದು ಆ ಹೆಸರನ್ನೂ ವರ್ಷವನ್ನೂ ಬರೆದಿರಬಹುದು. ಇನ್ನೂ ಒಂದು ಸಾಧ್ಯತೆಯಿದೆ. ‘ನಿನೆವೆಯ ಹಳೆಯ ಚಿತ್ರ’ ಎಂದು ಮಾರಾಟಕ್ಕೆ ಬರುವ ಎಷ್ಟೋ ಪ್ರಿಂಟುಗಳು ನಿನೆವೆಯನ್ನೇ ಕಂಡಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳೆದುರು ತೆಗೆದವು ಅವು. ಆ ಸಂಗ್ರಹದ ಚಿತ್ರಗಳ ದೊಡ್ಡ ಮಾಲೆಯೊಂದು 1872ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಇದಕ್ಕಿಂತ ದಾರಿ ತಪ್ಪಿಸುವುದು ಲಂಡನ್ ಹೊರವಲಯದ ಸಿಡೆನ್‌ಹ್ಯಾಮಿನಲ್ಲಿ 1854ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸಿನ ನಿನೆವೆ ಅಂಗಳ. ಅಲ್ಲಿದ್ದ ವೃಷಭಗಳೆಲ್ಲ ಬಣ್ಣ ಹಚ್ಚಿದ ಗಾರೆಯವು, 1866ರ ಕೊನೆಯಲ್ಲಿ ಬಿದ್ದ ಬೆಂಕಿಯಲ್ಲಿ ಹೋದವು, ಆದರೆ ಚಿತ್ರಗಳು ಉಳಿದವು. ಅದನ್ನು ಕಲ್ಪಿಸಿದ ಜೇಮ್ಸ್ ಫರ್ಗುಸನ್ ನಮಗೆ ಅಪರಿಚಿತನಲ್ಲ, ಧಾರವಾಡ ಮತ್ತು ಮೈಸೂರು ಸೀಮೆಯ ದೇಗುಲಗಳ ಛಾಯಾಚಿತ್ರಗಳಿಗೆ 1866ರಲ್ಲಿ ವಾಸ್ತುಟಿಪ್ಪಣಿ ಬರೆದವನೂ ಅವನೇ. ಕೆತ್ತನೆಗಳು ಅತಿಯಾಗಿ ಅಚ್ಚುಕಟ್ಟಾಗಿದ್ದು ಒಡಕು, ಬಿರುಕು ಯಾವುದೂ ಇಲ್ಲದಿದ್ದರೆ ನೀವು ನೋಡುತ್ತಿರುವುದು ಗಾರೆಯನ್ನು ಎಂದು ಶಂಕಿಸಿ.

ಉಬ್ಬು ತಗ್ಗಿನ ಗೊಂದಲವೇ ನಿಮ್ಮ ಪತ್ರದ ಅತ್ಯಂತ ಒಳ್ಳೆಯ ಪ್ರಶ್ನೆ. ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದು ನಂಬಿಯೇ ನೋಡುತ್ತದೆ. ಮೇಲಂಚು ಬೆಳಗಿ ಕೆಳಅಂಚಿನಲ್ಲಿ ನೆರಳಿದ್ದರೆ ಉಬ್ಬು ಎನ್ನುತ್ತದೆ, ತಿರುವುಮುರುವಾಗಿದ್ದರೆ ತಗ್ಗು ಎನ್ನುತ್ತದೆ. ಬಿಸಿಲು ನೆಲಕ್ಕೆ ಬಿದ್ದು ಕೆಳಗಿನಿಂದ ಗೋಡೆಗೆ ಪುಟಿದಿದ್ದರೆ ಅಥವಾ ಫಲಕ ನೆಲದ ಮೇಲೆ ಬಿದ್ದಿದ್ದು ಬೆಳಕು ಅದರ ಬುಡದ ಕಡೆಯಿಂದ ಬಂದಿದ್ದರೆ, ಈ ಲೆಕ್ಕ ತಲೆಕೆಳಗಾಗುತ್ತದೆ. ಹೀಗೆಯೇ ಒಮ್ಮೆ ಹೂವಿನ ಪಟ್ಟಿಯೊಂದನ್ನು ‘ಒಳಕೆತ್ತನೆ’ ಎಂದು ವಿವರಣೆಯಲ್ಲಿ ಬರೆದುಬಿಟ್ಟಿದ್ದೆ. ಜೊತೆಯ ಕಿರಿಯರೊಬ್ಬರು ಚಿತ್ರವನ್ನು ತಲೆಕೆಳಗು ಮಾಡಿ ಮಾತಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋದರು. ಹೂಗಳೆಲ್ಲ ಮೇಲೆದ್ದು ಕುಳಿತಿದ್ದವು.

ಅಸ್ಸೀರಿಯದ ಫಲಕಗಳಲ್ಲಿ ಇದನ್ನು ಬಿಡಿಸಿಕೊಳ್ಳಲು ಕಲ್ಲಿನಲ್ಲೇ ಒಂದು ಕೀಲಿಯಿದೆ. ಆಕೃತಿಗಳನ್ನು ಹಿನ್ನೆಲೆ ಕಡಿದು ಉಬ್ಬಿಸಿದ್ದಾರೆ, ಅಕ್ಷರಗಳನ್ನು ಒಳಕ್ಕೆ ಕೊರೆದಿದ್ದಾರೆ. ನಿಮ್ರೂದಿನ ಅರಮನೆಯಲ್ಲಂತೂ ರಾಜನ ಬಿರುದಾವಳಿಯ ಶಾಸನ ಆಕೃತಿಗಳ ಮೈಮೇಲೆಯೇ ಅಡ್ಡಲಾಗಿ ಹಾದುಹೋಗುತ್ತದೆ. ಆದ್ದರಿಂದ ಚಿತ್ರದಲ್ಲಿ ಅಕ್ಷರಗಳು ಉಬ್ಬಿದಂತೆ ಕಂಡರೆ ನಿಮ್ಮ ಕಣ್ಣು ತಿರುಗಿಬಿದ್ದಿದೆ ಎಂದೇ ಅರ್ಥ. ಅಕ್ಷರಗಳನ್ನು ತಗ್ಗಾಗಿ ನೋಡಲು ಪ್ರಯತ್ನಿಸಿದ ಕೂಡಲೇ ಆಕೃತಿಗಳು ಸರಿಯಾಗಿ ಮೇಲೇಳುತ್ತವೆ. ಎಡಬಲ ಅದಲುಬದಲಾಗಿದೆಯೇ ಎಂಬುದನ್ನೂ ಅಕ್ಷರಗಳೇ ಹೇಳುತ್ತವೆ. ಬೆಣೆಯಾಕಾರದ ಆ ಲಿಪಿ ಎಡದಿಂದ ಬಲಕ್ಕೆ ಸಾಗುತ್ತದೆ. ಅಡ್ಡ ಬೆಣೆಯ ದಪ್ಪ ತಲೆ ಎಡಕ್ಕಿರುತ್ತದೆ, ನಿಂತ ಬೆಣೆಯ ತಲೆ ಮೇಲಿರುತ್ತದೆ. ತಲೆಗಳೆಲ್ಲ ಬಲಕ್ಕಿದ್ದರೆ ನೆಗೆಟಿವನ್ನು ಮಗುಚಿ ಪ್ರಿಂಟು ಹಾಕಿದ್ದಾರೆ. ಓದಲು ಬಾರದವರೂ ಮಾಡಬಹುದಾದ ಪರೀಕ್ಷೆ ಇದು.

ಆದರೆ ಬೆಳಕು ಮಾಡುವ ಇನ್ನೊಂದು ಕಿತಾಪತಿಗೆ ಇಷ್ಟು ಸುಲಭದ ಮದ್ದಿಲ್ಲ. ಕೊರೆದ ಗೆರೆಯೊಂದು ಕಾಣಬೇಕಾದರೆ ಬೆಳಕು ಅದನ್ನು ಅಡ್ಡಹಾಯಬೇಕು. ಗೆರೆಯ ಗುಂಟವೇ ಬೆಳಕು ಹರಿದರೆ ನೆರಳು ಬೀಳದೆ ಗೆರೆ ಮಾಯವಾಗುತ್ತದೆ. ನಡುಹಗಲಿನ ಬಿಸಿಲು ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸವರುವಾಗ ಅಡ್ಡ ಬೆಣೆಗಳು ಕಪ್ಪಗೆ ಎದ್ದು, ನಿಂತ ಬೆಣೆಗಳು ಅಳಿಸಿದಂತಾಗುತ್ತವೆ. ಒಂದೇ ಅಕ್ಷರ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಉಡುಪಿನ ಅಂಚಿನ ಕಸೂತಿಯಂತಹ ತೆಳು ಗೀರುಗಳಿಗೂ ಇದೇ ಗತಿ. ಸಾಲದ್ದಕ್ಕೆ ಕಾಗದದ ನೆಗೆಟಿವಿನ ನಾರುಗಳು ಉಳಿದದ್ದನ್ನೂ ಮಸುಕಾಗಿಸುತ್ತಿದ್ದವು. ಚಿತ್ರಕಾರನು ಫಲಕದೆದುರು ತಲೆ ಆಚೀಚೆ ಆಡಿಸಿ, ಕೈಯಿಂದ ತಡವಿ ಆ ಗೀರುಗಳನ್ನು ಕಂಡುಕೊಳ್ಳುತ್ತಿದ್ದ. ‘ರೇಖಾಚಿತ್ರದಲ್ಲಿ ಇದೆ, ಛಾಯಾಚಿತ್ರದಲ್ಲಿ ಇಲ್ಲ, ಹಾಗಾದರೆ ಚಿತ್ರಕಾರ ಕಲ್ಪಿಸಿಕೊಂಡಿದ್ದಾನೆ’ ಎಂದು ಹೇಳುವವರು ಇದನ್ನು ಮರೆಯುತ್ತಾರೆ. ಒಡೆದುಹೋದ ಭಾಗವನ್ನು ಚಿತ್ರಕಾರರು ತುಂಬಿದ್ದೂ ಉಂಟು ಎಂಬುದು ನಿಜ. ಹಾಗಾಗಿ ಒಡಕಿನ ಗಡಿ, ಗಾತ್ರ, ಜೋಡಣೆಗಳಿಗೆ ನಾನು ಛಾಯಾಚಿತ್ರವನ್ನು ನಂಬುತ್ತೇನೆ, ತೆಳು ಗೆರೆಗಳಿಗೆ ರೇಖಾಚಿತ್ರವನ್ನು. ಮುಂಬೈಗೆ ಹೋದಾಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿರುವ ಅಸ್ಸೀರಿಯದ ಫಲಕಗಳೆದುರು ನಿಂತು ನಾಲ್ಕು ಹೆಜ್ಜೆ ಎಡಕ್ಕೆ, ನಾಲ್ಕು ಹೆಜ್ಜೆ ಬಲಕ್ಕೆ ಸರಿದು ನೋಡಿ. ನಾನು ಇಷ್ಟುದ್ದ ಬರೆದದ್ದು ನಿಮಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಬಣ್ಣದ ಬಗ್ಗೆಯೂ ಒಂದು ಎಚ್ಚರಿಕೆ. 19ನೇ ಶತಮಾನದ ಬಹುಪಾಲು ಲೇಪಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುತೇಕ ಕುರುಡಾಗಿದ್ದವು. ಆ ಚಿತ್ರಗಳಲ್ಲಿ ಆಕಾಶ ಬಿಳಿಯ ಗೋಡೆಯಂತಿರುವುದು ಅದಕ್ಕೇ. ಕಲ್ಲಿನ ಮೇಲೆ ಉಳಿದ ಕೆಂಪು ಬಣ್ಣದ ಕಲೆ ನೆರಳಿನಂತೆ ಕಪ್ಪಾಗಿ ಬರುತ್ತದೆ, ನೀಲಿ ಮೆರುಗಿನ ಇಟ್ಟಿಗೆ ಇರುವುದಕ್ಕಿಂತ ತಿಳಿಯಾಗುತ್ತದೆ. 1899ರಿಂದ ರಾಬರ್ಟ್ ಕೋಲ್ಡೆವೈ ಅಗೆದ ಬ್ಯಾಬಿಲೋನಿನ ಇಷ್ತಾರ್ ದ್ವಾರದ ಗಾಢ ನೀಲಿಯನ್ನು ಕಪ್ಪುಬಿಳುಪು ಚಿತ್ರದಿಂದ ಊಹಿಸಲು ಹೋಗಬಾರದು. ಅಲ್ಲಿನ ನೆಲಮಟ್ಟದ ಕೆಳಗಿನ ಗೋಡೆಗಳಲ್ಲಿ ಮೆರುಗೇ ಇಲ್ಲದ ಉಬ್ಬು ಪ್ರಾಣಿಗಳಿದ್ದು, ಆ ಭಾಗ ಇಂದಿಗೂ ಅಲ್ಲೇ ನಿಂತಿದೆ. ನಿಮ್ಮ ಆಲ್ಬಮಿನಲ್ಲಿ ಇಟ್ಟಿಗೆಯ ಗೂಳಿಯೋ ಹಾವಿನ ತಲೆಯ ಮೃಗವೋ ಇದ್ದರೆ ಅದು ಬಹುಶಃ ಅಲ್ಲಿಯದು.

ಕಮಾನಿನ ಚಿತ್ರದಲ್ಲಿ ಸಂಶಯಕ್ಕೆ ಎಡೆಯಿಲ್ಲ. ನಿಮ್ಮ ವಿವರಣೆಯಂತೆ ಅದು ಬಾಗ್ದಾದಿನ ಕೆಳಗೆ ಟೈಗ್ರಿಸ್ ದಂಡೆಯ ಟೆಸಿಫೋನ್‌ನಲ್ಲಿರುವ ತಾಕ್-ಎ-ಕಿಸ್ರಾ, ಪರ್ಷಿಯದ ಸಾಸಾನಿ ಅರಸರ ಅರಮನೆಯ ಸಭಾಮಂಟಪ. ಇಟ್ಟಿಗೆಯ ಅದರ ಕಮಾನು ಸುಮಾರು 25 ಮೀಟರ್ ಅಗಲವಿದೆ. ಮುಂಭಾಗದ ಉತ್ತರದ ಪಾರ್ಶ್ವ 1888ರಲ್ಲಿ ಕುಸಿಯಿತು. ಅದಕ್ಕೆ ಕೆಲವು ವರ್ಷ ಮೊದಲು ಅಲ್ಲಿಗೆ ಹೋಗಿದ್ದ ಮಾರ್ಸೆಲ್ ಮತ್ತು ಜೇನ್ ದ್ಯೂಲಫ್ವಾ ದಂಪತಿಯ ಚಿತ್ರದಲ್ಲಿ ಎರಡೂ ಪಾರ್ಶ್ವಗಳಿವೆ. 1909ರಲ್ಲಿ ಗರ್ಟ್ರೂಡ್ ಬೆಲ್ ತೆಗೆದದ್ದರಲ್ಲಿ ಒಂದೇ ಇದೆ. ನೀವು ನೋಡಿದ ಮುದ್ರಿತ ಚಿತ್ರ 1888ಕ್ಕೆ ಹಿಂದಿನದು, ಮುತ್ತಜ್ಜನವರದು ನಂತರದ್ದು, ಎರಡೂ ನಿಜ ಹೇಳುತ್ತಿವೆ. ಅಲ್ಲಿ 1915ರ ನವೆಂಬರಿನಲ್ಲಿ ನಡೆದ ಯುದ್ಧದಲ್ಲಿ ಭಾರತದ ಸಿಪಾಯಿಗಳೇ ಬಹಳ ಸಂಖ್ಯೆಯಲ್ಲಿದ್ದರು, 1917ರ ಮಾರ್ಚಿನಲ್ಲಿ ಬಾಗ್ದಾದ್ ವಶವಾದ ಮೇಲೆ ಆ ಕಮಾನು ಸೈನಿಕರು ನೋಡಿಬರುವ ಜಾಗವಾಯಿತು. ನಿಮ್ಮ ಆಲ್ಬಮಿನ ಚಿತ್ರಗಳಲ್ಲಿ ಯಾವುದು ಸ್ವಂತ ಕ್ಯಾಮೆರಾದ್ದು, ಯಾವುದು ಅಂಗಡಿಯಲ್ಲಿ ಕೊಂಡ ಕಾರ್ಡು ಎಂದು ಬೇರ್ಪಡಿಸಿಕೊಳ್ಳಿ. ಕೊಂಡ ಕಾರ್ಡಿನ ಪ್ರತಿಗಳು ಬೇರೆ ಕಡೆಯೂ ಇರುತ್ತವೆ. ಯಾರೋ ಗುಮಾಸ್ತರು ತಮ್ಮ ಪುಟ್ಟ ಕ್ಯಾಮೆರಾದಲ್ಲಿ ಓರೆಯಾಗಿ ತೆಗೆದ ಮಸುಕು ಚಿತ್ರಕ್ಕೆ ಎರಡನೆಯ ಪ್ರತಿಯಿರುವುದಿಲ್ಲ. 2015ರಲ್ಲಿ ಉಗ್ರರು ನಿಮ್ರೂದಿನ ಅರಮನೆಯನ್ನು ಸ್ಫೋಟಿಸಿ, ಇರಾಕಿನದೇ ಪ್ರಾಚೀನ ನಗರ ಹತ್ರಾದ ಗೋಡೆಗಳಲ್ಲಿದ್ದ ಶಿಲಾಮುಖಗಳನ್ನು ಒಡೆದುಹಾಕಿದ ಮೇಲೆ ಅಂಥ ಮಸುಕು ಚಿತ್ರಗಳನ್ನೂ ನಾವು ತಳ್ಳಿಹಾಕುವುದಿಲ್ಲ.

ಈಗ ಏನು ಮಾಡಬಹುದು? ವ್ಯಾಪಾರಿಗೆ ಆ ಒಂದು ಕಾರ್ಡನ್ನು ಕೊಟ್ಟರೆ ತಕ್ಷಣ ಹಣ ಬರುತ್ತದೆ. ಆದರೆ ಆಲ್ಬಮಿನ ಬೆಲೆಯಿರುವುದು ಅದರ ಸರಣಿಯಲ್ಲಿ, ಪಕ್ಕದ ಚಿತ್ರದಲ್ಲಿ, ಮುತ್ತಜ್ಜನವರ ಕೈಬರಹದಲ್ಲಿ. ಒಂದನ್ನು ಕಿತ್ತರೆ ಉಳಿದವು ಎಲ್ಲಿಯವು ಎಂದು ಹೇಳುವ ಸಾಕ್ಷಿ ಹೋಗುತ್ತದೆ. ‘1849’ ತಪ್ಪೆಂದು ತಿಳಿದ ಮೇಲೆ ಆ ಹೆಸರಿನಲ್ಲಿ ಮಾರುವುದು ನಿಮಗೂ ಒಪ್ಪಿಗೆಯಾಗಲಾರದು. ವಿಶ್ವವಿದ್ಯಾಲಯಕ್ಕೋ ಸಂಗ್ರಹಾಲಯಕ್ಕೋ ಒಪ್ಪಿಸುವುದು ಇನ್ನೊಂದು ದಾರಿ. ಅಲ್ಲಿ ತಂಪಾದ ಕೋಣೆ ಸಿಗಬಹುದು, ಆದರೆ ಪಟ್ಟಿಯಾಗದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಉಳಿದುಬಿಡುವ ಅಪಾಯವೂ ಉಂಟು. ಕೊಡುವ ಮೊದಲು ಪೂರ್ತಿ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ, ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ. ಸದ್ಯಕ್ಕೆ ಮನೆಯಲ್ಲೇ ಇಟ್ಟು, ಚೆನ್ನಾಗಿ ಸ್ಕ್ಯಾನ್ ಮಾಡಿಸುವುದು ನನ್ನ ಸಲಹೆ.

ಸ್ಟುಡಿಯೋದಲ್ಲಿ ‘ಸ್ಪಷ್ಟಗೊಳಿಸುವ’ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಗೋಡೆಗೆ ತೂಗುಹಾಕಲು ಮುತ್ತಜ್ಜನವರ ಮುಖವನ್ನು ತಿದ್ದಿಸಿಕೊಳ್ಳಿ, ಅಡ್ಡಿಯಿಲ್ಲ. ಕೆತ್ತನೆಯ ಚಿತ್ರವನ್ನು ಮಾತ್ರ ಕೊಡಬೇಡಿ. ಈಗಿನ ತಂತ್ರಾಂಶಗಳು ಮಸುಕಾದ ಕಡೆ ಇರಬಹುದಾದದ್ದನ್ನು ಊಹಿಸಿ ತುಂಬುತ್ತವೆ, ಬೆಣೆಗಳಿಲ್ಲದ ಕಡೆ ಬೆಣೆಗಳನ್ನು ಬರೆಯುತ್ತವೆ, ಮತ್ತು ಆ ಸುಳ್ಳು ಅಸಲಿಗಿಂತ ಚೂಪಾಗಿ ಕಾಣುತ್ತದೆ. ಮಟ್ಟಸ ಸ್ಕ್ಯಾನರಿನಲ್ಲಿ, ಇಂಚಿಗೆ 600 ಚುಕ್ಕಿಗಿಂತ ಕಡಿಮೆಯಿಲ್ಲದೆ, ಕಪ್ಪುಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಸಡಿಲವಾಗಿರುವ ಚಿತ್ರಗಳ ಹಿಂಬದಿಯನ್ನೂ, ಆಲ್ಬಮಿನ ಇಡೀ ಪುಟವನ್ನೂ ಬಿಡಬೇಡಿ. ಅಂಟಿಸಿದ ಚಿತ್ರಗಳನ್ನು ಹಬೆ ಹಿಡಿದೋ ಬ್ಲೇಡು ತೂರಿಸಿಯೋ ಎಬ್ಬಿಸಲು ಹೋಗಬೇಡಿ. ಅಂಚುಗಳಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು ಕಂಡರೆ ಅದು ಬೂಷ್ಟಲ್ಲ, ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದದ್ದು; ಒರೆಸಿದರೆ ಚಿತ್ರವೇ ಹೋಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೇಡ, ಪಿವಿಸಿ ಹಾಳೆಗಳ ಲಕೋಟೆ ಬೇಡ, ಅದೇ ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆಯೂ ಬೇಡ. ಪುಟಗಳ ನಡುವೆ ಆಮ್ಲರಹಿತ ತೆಳು ಕಾಗದ ಸಾಕು.

ಒಂದು ಸಣ್ಣ ಕೆಲಸ ಉಳಿದಿದೆ. ಕಮಾನಿನ ಚಿತ್ರವನ್ನು ಎದುರಿನಿಂದ ತೆಗೆದಿದ್ದರೆ ಉಳಿದ ಪಾರ್ಶ್ವ ಕಮಾನಿನ ಎಡಕ್ಕಿರಬೇಕು. ಬಲಕ್ಕಿದ್ದರೆ, ಕಟ್ಟಡದ ಹಿಂಬದಿಯಿಂದ ತೆಗೆದದ್ದೋ ಮಗುಚಿ ಪ್ರಿಂಟು ಹಾಕಿದ್ದೋ ನೋಡಬೇಕು, ಬುಡದಲ್ಲಿ ನಿಂತ ಸಿಪಾಯಿಗಳ ಅಂಗಿಯ ಗುಂಡಿಗಳು ಯಾವ ಬದಿಗಿವೆ ಎಂಬುದು ಅದನ್ನು ತೀರ್ಮಾನಿಸಲು ನೆರವಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿ ನನಗೆ ಬರೆಯಿರಿ.